ನಮ್ಮನೆಯ ಟಪಾಲಪ್ಪ

ನಮ್ಮ ಮನೆಯ ಟೀವಿ ಮೇಜಿನ ಕೆಳಗಿನ ಅರೆಯಲ್ಲಿ ಒಂದು ಹಳೆಯ ಲ್ಯಾಪ್‌ಟಾಪ್ ಹಗಲೂ ರಾತ್ರಿ ಎಚ್ಚರವಾಗಿರುತ್ತದೆ. ಅದರ ಪರದೆಯ ಒಂದು ಮೂಲೆ ಸೀಳಿದೆ. ಕೀಲಿಮಣೆಯಲ್ಲಿ ‘ಪಿ’ ಅಕ್ಷರದ ಗುಂಡಿಯೇ ಇಲ್ಲ. ಮಗ ಹೊಸದು ಕೊಂಡಾಗ ಇದನ್ನು ಗುಜರಿಗೆ ಹಾಕಲು ಹೊರಟಿದ್ದ. “ಕೊಡಪ್ಪ ಇಲ್ಲಿ, ನನಗೂ ವಯಸ್ಸಾಗಿದೆ, ಅದಕ್ಕೂ ಆಗಿದೆ, ಒಬ್ಬರಿಗೊಬ್ಬರು ಜೊತೆಯಾಗಿರುತ್ತೇವೆ” ಎಂದು ಇಸಿದುಕೊಂಡೆ. ಎಂಟನೇ ತರಗತಿ ಓದುವ ಮೊಮ್ಮಗಳು ಪುಟ್ಟಿ ಅದಕ್ಕೆ ‘ಟಪಾಲಪ್ಪ’ ಎಂದು ಹೆಸರಿಟ್ಟಿದ್ದಾಳೆ.

ನಮ್ಮ ಮನೆಯಲ್ಲಿ ಐದು ಜನ. ನಾನು, ನನ್ನಾಕೆ, ಮಗ, ಸೊಸೆ, ಪುಟ್ಟಿ. ಇಂಟರ್‌ನೆಟ್‌ನಲ್ಲಿ ಯಾರು ಏನು ಹುಡುಕಬೇಕಾದರೂ ಈಗ ಟಪಾಲಪ್ಪನನ್ನೇ ಕೇಳುತ್ತೇವೆ. ಅವನು ಹೊರಗೆ ಹೋಗಿ ನಾಲ್ಕು ಕಡೆ ವಿಚಾರಿಸಿ ಉತ್ತರ ತರುತ್ತಾನೆ. ಕೇಳಿದವರು ಯಾರು ಎಂದು ಹೊರಗೆ ಬಾಯಿ ಬಿಡುವುದಿಲ್ಲ. ಇದನ್ನು ಕಟ್ಟಲು ನನಗೂ ಪುಟ್ಟಿಗೂ ಒಂದು ಬೇಸಿಗೆ ರಜೆ ಹಿಡಿಯಿತು. ರಿಪೇರಿ ಮಾಡಲು ಹೋಗಿ ನಾನೊಂದು ತಪ್ಪನ್ನೂ ಮಾಡಿದೆ. ಆ ತಪ್ಪಿನ ಕಥೆ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಶುರುವಾದದ್ದು ನನ್ನಾಕೆಯ ಮಂಡಿನೋವಿನಿಂದ. ಒಂದು ಮಧ್ಯಾಹ್ನ ಆಕೆ ಮನೆಯ ಟ್ಯಾಬ್ಲೆಟ್‌ನಲ್ಲಿ ‘ಮೆಟ್ಟಿಲು ಹತ್ತಿದರೆ ಮಂಡಿ ನೋವು ಏಕೆ’ ಎಂದು ಹುಡುಕಿದಳು. ಮರುದಿನದಿಂದ ಆ ಟ್ಯಾಬ್ಲೆಟ್ ತೆರೆದರೆ ಸಾಕು, ಮಂಡಿಗೆ ಹಚ್ಚುವ ಎಣ್ಣೆ, ಮಂಡಿಗೆ ಕಟ್ಟುವ ಪಟ್ಟಿ, ಮಂಡಿ ಶಸ್ತ್ರಚಿಕಿತ್ಸೆ ಎಂದು ಜಾಹೀರಾತುಗಳು ಸಾಲಾಗಿ ಬಂದು ನಿಲ್ಲತೊಡಗಿದವು. ಪುಟ್ಟಿ ಅದರಲ್ಲಿ ಗಣಿತದ ಪಾಠ ನೋಡುತ್ತಿದ್ದರೂ ನಡುವೆ ಎಣ್ಣೆ ಬಾಟಲಿ! “ಅಜ್ಜೀ, ನಿಮಗೆ ಮಂಡಿ ನೋವಾ? ಹೇಳಲೇ ಇಲ್ಲವಲ್ಲ” ಎಂದು ಊಟದ ಹೊತ್ತಿನಲ್ಲಿ ಅವಳು ಕೇಳಿಯೇಬಿಟ್ಟಳು.

ನನ್ನಾಕೆಗೆ ನಾಚಿಕೆಯಾಯಿತು, ಸಿಟ್ಟೂ ಬಂತು. “ಇವರಿಗೇ ನಾನು ಸರಿಯಾಗಿ ಹೇಳಿರಲಿಲ್ಲ. ಆ ಎಣ್ಣೆಯವರಿಗೆ ಯಾರು ಹೇಳಿದರು?” ಎಂದಳು.

ನಲವತ್ತಾರು ವರ್ಷ ಜೊತೆಗಿದ್ದ ಗಂಡನಿಗಿಂತ ಮೊದಲು ಅಂಗಡಿಯವನಿಗೆ ಗೊತ್ತಾಯಿತು ಎಂಬುದು ನನಗೂ ಚುಚ್ಚಿತು.

ಅದು ಹೇಗೆ ಆಗುತ್ತದೆ ಎಂದು ಪುಟ್ಟಿಗೆ ತಿಳಿಸಲು ನಾನು ಬ್ಯಾಂಕಿನ ಟೋಕನ್ ಕಥೆ ಹೇಳಿದೆ. ನಮ್ಮ ಕಾಲದಲ್ಲಿ ಹಣ ತೆಗೆಯಲು ಬಂದವರು ಚೆಕ್ ಕೊಟ್ಟರೆ ನಾವು ಸಂಖ್ಯೆ ಕೆತ್ತಿದ ಹಿತ್ತಾಳೆ ಬಿಲ್ಲೆಯೊಂದನ್ನು ಕೊಡುತ್ತಿದ್ದೆವು. ಕ್ಯಾಷಿಯರ್ ಆ ಸಂಖ್ಯೆ ಕೂಗಿದಾಗ ಬಿಲ್ಲೆ ವಾಪಸು ಕೊಟ್ಟು ಹಣ ಪಡೆಯಬೇಕು. ಅಲ್ಲಿಗೆ ಆ ಬಿಲ್ಲೆಗೂ ನಿಮಗೂ ಸಂಬಂಧ ಮುಗಿಯಿತು. ಇಂಟರ್‌ನೆಟ್ ತಾಣಗಳೂ ನಮ್ಮ ಬ್ರೌಸರ್‌ಗೆ ಇಂಥದೊಂದು ಬಿಲ್ಲೆ ಕೊಡುತ್ತವೆ. ಅದರ ಹೆಸರು ಕುಕಿ. ಆದರೆ ಈ ಬಿಲ್ಲೆಯನ್ನು ಸುಲಭಕ್ಕೆ ಯಾರೂ ವಾಪಸು ತೆಗೆದುಕೊಳ್ಳುವುದಿಲ್ಲ. ಅದನ್ನು ಜೇಬಿನಲ್ಲಿಟ್ಟುಕೊಂಡೇ ನಾವು ಇನ್ನೊಂದು ಅಂಗಡಿಗೆ ಹೋಗುತ್ತೇವೆ, ಮತ್ತೊಂದಕ್ಕೆ ಹೋಗುತ್ತೇವೆ. ‘ಓಹೋ, ನಿನ್ನೆ ಮಂಡಿನೋವು ಕೇಳಿದವರು ಇವರೇ’ ಎಂದು ಜಾಹೀರಾತಿನವರು ಗುರುತು ಹಿಡಿಯುತ್ತಾರೆ.

ಮಗ ಇನ್ನೊಂದು ಸಂಗತಿ ಹೇಳಿದ. 2006ರ ಆಗಸ್ಟ್‌ನಲ್ಲಿ ಅಮೆರಿಕದ ಎಒಎಲ್ ಎಂಬ ಕಂಪನಿ ಸಂಶೋಧಕರಿಗೆ ಉಪಯೋಗವಾಗಲೆಂದು ಸುಮಾರು ಆರೂವರೆ ಲಕ್ಷ ಜನ ಮೂರು ತಿಂಗಳಲ್ಲಿ ಹುಡುಕಿದ್ದ ಸುಮಾರು ಎರಡು ಕೋಟಿ ಪ್ರಶ್ನೆಗಳನ್ನು ಬಹಿರಂಗವಾಗಿ ಇಟ್ಟುಬಿಟ್ಟಿತಂತೆ. ಹೆಸರು ತೆಗೆದು ಬರೀ ಸಂಖ್ಯೆ ಹಾಕಿದ್ದರು. ಅಷ್ಟಾದರೂ ಪತ್ರಿಕೆಯವರು ಒಂದು ಸಂಖ್ಯೆಯ ಪ್ರಶ್ನೆಗಳನ್ನು ಒಟ್ಟಿಗೆ ಜೋಡಿಸಿ ನೋಡಿ, ಅವನ್ನು ಕೇಳಿದ ಹಿರಿಯ ಮಹಿಳೆಯ ಮನೆ ಬಾಗಿಲಿಗೇ ಹೋದರು. ಪ್ರಶ್ನೆಗಳೇ ಆಕೆಯ ವಿಳಾಸವಾಗಿದ್ದವು.

ಅದನ್ನು ಕೇಳಿದಾಗ ನನಗೆ ನನ್ನ ತಂದೆ ನೆನಪಾದರು.

ನಾನು ಬಿ.ಕಾಂ. ಮುಗಿಸಿ 1973ರಲ್ಲಿ ಬ್ಯಾಂಕಿಗೆ ಗುಮಾಸ್ತನಾಗಿ ಸೇರಿದೆ. ಸೇರಿದ ದಿನವೇ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಅದು ನಿಷ್ಠೆ ಮತ್ತು ಗೋಪ್ಯತೆಯ ಘೋಷಣೆ. ಗ್ರಾಹಕರ ವ್ಯವಹಾರವನ್ನು ಹಕ್ಕಿಲ್ಲದ ಯಾರಿಗೂ ತಿಳಿಸುವುದಿಲ್ಲ ಎಂಬುದು ಅದರ ಸಾರ. ಇಪ್ಪತ್ತೆರಡರ ಹುಡುಗ, ಓದದೆಯೇ ಸಹಿ ಹಾಕಿದ್ದೆ.

ಮೂರು ವರ್ಷದ ಮೇಲೆ ಅದರ ತೂಕ ಗೊತ್ತಾಯಿತು. ಆಗ ನಾನು ಹಾಸನ ಜಿಲ್ಲೆಯ ಒಂದು ಸಣ್ಣ ಊರಿನ ಶಾಖೆಯಲ್ಲಿದ್ದೆ. ನಮ್ಮ ನೆಂಟರ ಹುಡುಗಿಗೆ ಅದೇ ಊರಿನಲ್ಲಿ ಗಂಡು ನೋಡಿದ್ದರು. ನನ್ನ ತಂದೆ ಬಸ್ಸು ಹತ್ತಿ ಬಂದವರು ಕಾಫಿ ಕುಡಿದು ಮೆಲ್ಲಗೆ ಕೇಳಿದರು: “ಆ ಮನೆಯವರ ಖಾತೆ ನಿಮ್ಮಲ್ಲೇ ಇದೆಯಂತಲ್ಲ. ಎಷ್ಟಿದೆ, ಸಾಲ ಗೀಲ ಏನಾದರೂ ಇದೆಯಾ, ಒಂದು ಮಾತು ನೋಡಿ ಹೇಳು.”

“ಆಗೋದಿಲ್ಲ ಅಣ್ಣ” ಎಂದೆ. ನಾವು ತಂದೆಯನ್ನು ಅಣ್ಣ ಎಂದೇ ಕರೆಯುತ್ತಿದ್ದದ್ದು.

“ಮನೆಯ ಹುಡುಗಿಯ ಬಾಳಿನ ಪ್ರಶ್ನೆ ಕಣೋ!”

“ಅದಕ್ಕೆ ಊರಲ್ಲಿ ಹತ್ತು ಜನರನ್ನು ವಿಚಾರಿಸಿ. ಲೆಡ್ಜರ್ ನೋಡಿ ಮಾತ್ರ ನಾನು ಹೇಳಲಾರೆ.”

ತಂದೆ ಎದ್ದು ಹೋದರು. ಒಂದು ತಿಂಗಳು ಕಾಗದ ಬರೆಯಲಿಲ್ಲ. ಆಮೇಲೆ ಸಿಕ್ಕಾಗ, “ನೀನು ಹೇಳಿದ್ದರೆ ನನಗೆ ಅವತ್ತು ಖುಷಿಯಾಗುತ್ತಿತ್ತು. ಆದರೆ ನನ್ನ ದುಡ್ಡನ್ನು ನಿನ್ನ ಬ್ಯಾಂಕಿನಲ್ಲಿ ಇಡುತ್ತಿರಲಿಲ್ಲ” ಎಂದರು. ಆ ಮಾತನ್ನು ಮೂವತ್ತೆಂಟು ವರ್ಷದ ಸರ್ವೀಸಿನಲ್ಲಿ ನಾನು ಮರೆಯಲಿಲ್ಲ. ಮರೆತದ್ದು ನಿವೃತ್ತಿಯ ನಂತರ. ಅದನ್ನು ಮುಂದೆ ಹೇಳುತ್ತೇನೆ.

ಅದೇ ಶಾಖೆಯಲ್ಲಿ ನಮ್ಮ ಅಟೆಂಡರ್ ಒಬ್ಬರಿದ್ದರು. ಹೆಗಲಿಗೆ ಟಪಾಲು ಚೀಲ ಹಾಕಿಕೊಂಡು ಸೈಕಲ್ಲಿನಲ್ಲಿ ಊರೆಲ್ಲ ತಿರುಗುತ್ತಿದ್ದುದರಿಂದ ಎಲ್ಲರೂ ಟಪಾಲಪ್ಪ ಎನ್ನುತ್ತಿದ್ದರು. ಬ್ಯಾಂಕಿನ ಕೆಲಸದ ಜೊತೆಗೆ ಊರಿನವರ ಕೆಲಸವನ್ನೂ ಮಾಡುತ್ತಿದ್ದರು. ತಾಲ್ಲೂಕು ಕಚೇರಿಗೆ ಹೋಗಿ ಕೇಳಲು ಸಂಕೋಚಪಡುವ ಹೆಂಗಸರು, ಸಾಲದ ಬಗ್ಗೆ ವಿಚಾರಿಸಲು ಹಿಂಜರಿಯುವ ರೈತರು ಅವರ ಕಿವಿಯಲ್ಲಿ ಹೇಳುತ್ತಿದ್ದರು. ಟಪಾಲಪ್ಪ ಹೋಗಿ, “ಒಬ್ರು ಕೇಳ್ತಾವ್ರೆ ಸ್ವಾಮಿ, ಇದಕ್ಕೆ ಏನು ಮಾಡಬೇಕು?” ಎನ್ನುತ್ತಿದ್ದರು. ಯಾರು ಎಂದು ಕೇಳಿದರೆ, “ಒಬ್ರು” ಅಷ್ಟೇ. ಒಂದು ಕಡೆ ಕೇಳಿ ಸುಮ್ಮನಾಗುತ್ತಿರಲಿಲ್ಲ. ಮೂರು ಕಡೆ ಕೇಳಿ, ಮೂವರೂ ಒಂದೇ ಹೇಳಿದರೆ ಅದೇ ಸರಿ ಎಂದು ಬಂದು ಹೇಳುತ್ತಿದ್ದರು.

ಮಕ್ಕಳೇ, ನಮ್ಮ ಲ್ಯಾಪ್‌ಟಾಪ್ ಮಾಡುವ ಕೆಲಸ ಅಕ್ಷರಶಃ ಇದೇ. ಬೇರೆಯವರ ಪರವಾಗಿ ಹೋಗಿ ಕೇಳುವ ಇಂಥ ಏರ್ಪಾಡಿಗೆ ಪ್ರಾಕ್ಸಿ ಎನ್ನುತ್ತಾರೆ. ನಾವು ಹಾಕಿಕೊಂಡ ತಂತ್ರಾಂಶದ ಹೆಸರು ಸರ್ಕ್ಸ್‌ಎನ್‌ಜಿ. ಆಡಮ್ ಟೌಬರ್ ಎಂಬುವರು ಮಾಡಿದ ಸರ್ಕ್ಸ್ ಎಂಬುದು 2014ರಲ್ಲಿ ಹೊರಬಂತು. ಅದರಿಂದ ಕವಲೊಡೆದು 2021ರಲ್ಲಿ ಶುರುವಾದದ್ದು ಇದು. ಇದಕ್ಕೆ ದುಡ್ಡು ಕೊಡಬೇಕಿಲ್ಲ. ಯಾರು ಬೇಕಾದರೂ ಅದರ ಒಳಗನ್ನು ತೆರೆದು ಓದಬಹುದು, ತಿದ್ದಬಹುದು. ಪೈಥಾನ್ ಭಾಷೆಯಲ್ಲಿ ಬರೆದಿದ್ದಾರೆ.

ಪುಟ್ಟಿ ‘ಜಿರಾಫೆ ಹೇಗೆ ಮಲಗುತ್ತದೆ’ ಎಂದು ಕೇಳಿದಳು ಎನ್ನಿ. ಟಪಾಲಪ್ಪ ಅವಳ ಬಿಲ್ಲೆಗಳನ್ನೆಲ್ಲ ಇಲ್ಲೇ ಬಿಟ್ಟು, ಅವಳ ಬ್ರೌಸರ್‌ನ ಗುರುತಿನ ಬದಲು ಬೇರೊಂದು ಗುರುತು ಹೇಳಿಕೊಂಡು, ಒಂದೇ ಸಲಕ್ಕೆ ಹಲವು ಹುಡುಕು ತಾಣಗಳ ಬಾಗಿಲು ತಟ್ಟುತ್ತಾನೆ. ಬಂದ ಉತ್ತರಗಳನ್ನು ಒಟ್ಟುಗೂಡಿಸುತ್ತಾನೆ. ಒಂದೇ ಪುಟವನ್ನು ಮೂರು ತಾಣಗಳು ಹೇಳಿದರೆ ಅದನ್ನು ಪಟ್ಟಿಯಲ್ಲಿ ಮೇಲಕ್ಕೆ ಹಾಕುತ್ತಾನೆ. ಪ್ರತಿ ತಾಣಕ್ಕೂ ಒಂದೊಂದು ಸಣ್ಣ ಕಡತವಿರುತ್ತದೆ. ಅದರಲ್ಲಿ ಮುಖ್ಯವಾಗಿ ಎರಡೇ ಕೆಲಸ. ಆ ತಾಣಕ್ಕೆ ಅರ್ಥವಾಗುವಂತೆ ಪ್ರಶ್ನೆ ಕೇಳುವುದು ಒಂದು, ಅದು ಕೊಟ್ಟ ಉತ್ತರವನ್ನು ನಮಗೆ ಬೇಕಾದಂತೆ ಜೋಡಿಸುವುದು ಇನ್ನೊಂದು.

ಇದನ್ನು ಕೂರಿಸುವುದು ಹೇಳಿದಷ್ಟು ಸುಲಭವಾಗಿರಲಿಲ್ಲ. 1980ರ ದಶಕದ ಕೊನೆಯಲ್ಲಿ ನಮ್ಮ ಬ್ಯಾಂಕಿಗೆ ಲೆಡ್ಜರ್ ಬರೆಯುವ ಯಂತ್ರ ಬಂದಾಗ ತರಬೇತಿಗೆ ಹೋದವರಲ್ಲಿ ನಾನೂ ಒಬ್ಬ. ಅಷ್ಟೇ ನನ್ನ ಕಂಪ್ಯೂಟರ್ ವಿದ್ಯೆ. ಉಳಿದದ್ದನ್ನು ನಿವೃತ್ತಿಯ ಮೇಲೆ ಮಗನ ಹಳೆಯ ಪುಸ್ತಕಗಳನ್ನು ನೋಡಿ ಕಲಿತೆ. ಪುಟ್ಟಿಗೆ ಶಾಲೆಯಲ್ಲಿ ಪೈಥಾನ್ ಹೇಳಿಕೊಡುತ್ತಾರೆ. ಇಬ್ಬರೂ ಸೇರಿ ಲ್ಯಾಪ್‌ಟಾಪ್‌ಗೆ ಡೆಬಿಯನ್ ಲಿನಕ್ಸ್ ಹಾಕಿದೆವು. ‘ಪಿ’ ಗುಂಡಿ ಇಲ್ಲದ್ದರಿಂದ ಬೇರೆ ಕೀಲಿಮಣೆ ಸಿಕ್ಕಿಸಬೇಕಾಯಿತು. ‘ಪಿ’ ಇಲ್ಲದೆ ಪೈಥಾನ್ ಎಂದು ಬರೆಯುವುದಾದರೂ ಹೇಗೆ!

ಮೊದಲ ದಿನ ಯಂತ್ರ ಏಳಲೇ ಇಲ್ಲ. ಸೆಟ್ಟಿಂಗ್ಸ್ ಕಡತದಲ್ಲಿ ಪ್ರತಿ ಸಾಲಿನ ಮುಂದೆ ಎಷ್ಟು ಜಾಗ ಬಿಟ್ಟಿದ್ದೇವೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ನಾನು ಒಂದು ಕಡೆ ಸ್ಪೇಸ್ ಬದಲು ಟ್ಯಾಬ್ ಒತ್ತಿದ್ದೆ. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಒಂದಲ್ಲ. ಎರಡು ಗಂಟೆ ಹುಡುಕಿ ಪುಟ್ಟಿಯೇ ಕಂಡುಹಿಡಿದಳು. ದಿನದ ಲೆಕ್ಕ ತಾಳೆಯಾಗದೆ ರಾತ್ರಿ ಒಂಬತ್ತರವರೆಗೆ ಹತ್ತು ಪೈಸೆ ಹುಡುಕುತ್ತಿದ್ದ ದಿನಗಳು ನೆನಪಾದವು.

ಟ್ಯಾಬ್ ತೆಗೆದರೂ ಅದು ಏಳಲಿಲ್ಲ. ಈ ಸಲ ಗುಟ್ಟಿನ ಕೀಲಿ ಬದಲಿಸಿಲ್ಲ ಎಂದು ತಕರಾರು ತೆಗೆಯಿತು. ಆ ತಂತ್ರಾಂಶದ ಜೊತೆಗೆ ಬರುವ ಗುಟ್ಟಿನ ಕೀಲಿ ಯಾವುದು ಗೊತ್ತೇ? ‘ಅಲ್ಟ್ರಾಸೀಕ್ರೆಟ್‌ಕೀ’! ಅಂದರೆ ‘ಪರಮ ಗುಟ್ಟಿನ ಕೀಲಿ’. ಲೋಕಕ್ಕೆಲ್ಲ ಗೊತ್ತಿರುವ ಗುಟ್ಟು ಅದು. ಅದನ್ನು ಬದಲಿಸುವವರೆಗೆ ಕೆಲಸ ಮಾಡುವುದಿಲ್ಲ ಎಂದು ಹಟ ಹಿಡಿಯುತ್ತದೆ. ನನಗೆ ಬಹಳ ಮೆಚ್ಚಿಗೆಯಾಯಿತು. ನಮ್ಮ ಬ್ಯಾಂಕಿನ ಸ್ಟ್ರಾಂಗ್ ರೂಮ್ ಕೂಡ ಎರಡು ಕೀಲಿ ಕೂಡದೆ ತೆರೆಯುತ್ತಿರಲಿಲ್ಲ. ಹೊಸ ಕೀಲಿ ಹಾಕಿದೆವು. ಟಪಾಲಪ್ಪ ಎದ್ದ. ಜಿರಾಫೆಯ ಉತ್ತರ ಬಂತು. ಅಜ್ಜಿಗೆ ತೋರಿಸಲು ಪುಟ್ಟಿ ಅಡುಗೆಮನೆಗೆ ಓಡಿದಳು.

ಆಮೇಲೆ ಅಜ್ಜಿಗಾಗಿ ಒಂದು ಹೊಸ ಸೌಕರ್ಯ ಮಾಡಿದೆವು. ಆಕೆಯ ಅಡುಗೆ ಟಿಪ್ಪಣಿ ಪುಸ್ತಕವನ್ನು ಪುಟ್ಟಿ ಕೂತು ಟೈಪ್ ಮಾಡಿದಳು. ಅದನ್ನು ಎಸ್‌ಕ್ಯೂಲೈಟ್ ಎಂಬ ಸಣ್ಣ ದತ್ತಾಂಶ ಕಡತದಲ್ಲಿ ಇಟ್ಟು ಟಪಾಲಪ್ಪನಿಗೆ ಅದೂ ಒಂದು ವಿಚಾರಿಸುವ ಜಾಗ ಎಂದು ತಿಳಿಸಿದೆವು. ಈಗ ‘ಮೆಣಸಿನ ಸಾರು’ ಎಂದು ಹುಡುಕಿದರೆ ಊರಿನವರ ಸಾರಿನ ಜೊತೆಗೆ ನಮ್ಮಾಕೆಯ ಸಾರೂ ಬರುತ್ತದೆ. “ನನ್ನನ್ನೂ ಕಂಪ್ಯೂಟರಿಗೆ ಸೇರಿಸಿದಿರಾ?” ಎಂದು ಆಕೆ ನಕ್ಕಳು.

ಒಂದು ದಿನ ಪುಟ್ಟಿ ಕೇಳಿದಳು: “ತಾತಾ, ನಮ್ಮ ಕ್ಲಾಸಿನಲ್ಲಿ ಒಬ್ಬಳು ಹೇಳ್ತಾಳೆ, ತಪ್ಪು ಮಾಡದವರಿಗೆ ಮುಚ್ಚಿಡುವುದು ಏನಿರುತ್ತೆ ಅಂತ. ಹೌದಾ?”

“ಅಜ್ಜಿಯ ಮಂಡಿನೋವು ತಪ್ಪಾ?” ಎಂದೆ.

“ಅಲ್ಲ.”

“ಮತ್ತೆ ಯಾಕೆ ಮುಚ್ಚಿಟ್ಟಿದ್ದರು?”

ಅವಳು ಯೋಚಿಸಿ, “ಅದು ಅವರದ್ದು. ಅದಕ್ಕೆ” ಎಂದಳು.

ಅಷ್ಟೇ ವಿಷಯ. ಇದನ್ನೇ ನಮ್ಮ ಕರ್ನಾಟಕದ ಹಿರಿಯರೊಬ್ಬರು ದೇಶದ ದೊಡ್ಡ ನ್ಯಾಯಾಲಯದಲ್ಲಿ ಕೇಳಿದ್ದರು ಎಂದು ಅವಳಿಗೆ ಹೇಳಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ವಿಚಾರವಾಗಿ ಸುಪ್ರೀಂ ಕೋರ್ಟಿಗೆ ಹೋದರು. ಆ ಮೊಕದ್ದಮೆಯಿಂದ ಎದ್ದ ಪ್ರಶ್ನೆಗೆ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಕ್ಕೊರಲಿನಿಂದ ಉತ್ತರ ಕೊಟ್ಟಿತು. ಖಾಸಗಿತನ ಸಂವಿಧಾನ ಕೊಟ್ಟ ಮೂಲಭೂತ ಹಕ್ಕು ಎಂದಿತು. “ತಾತಂದಿರೂ ಇಂಥದ್ದು ಮಾಡ್ತಾರೆ!” ಎಂದು ಪುಟ್ಟಿ ಕಣ್ಣರಳಿಸಿದಳು. ನನಗೆ ಸ್ವಲ್ಪ ಜಂಬವೂ ಬಂತು. ಆ ಜಂಬ ಇಳಿಯಲು ಬಹಳ ದಿನ ಬೇಕಾಗಲಿಲ್ಲ.

ಮೊದಲು ನಾವು ಪ್ರಶ್ನೆ ಕಳಿಸುವ ವಿಧಾನವನ್ನು ‘ಪೋಸ್ಟ್’ ಎಂದು ಇಟ್ಟಿದ್ದೆವು. ಅಂದರೆ ಪ್ರಶ್ನೆ ಲಕೋಟೆಯ ಒಳಗೆ ಹೋಗುತ್ತದೆ. ಆದರೆ ಅದರಲ್ಲೊಂದು ಕಿರಿಕಿರಿ. ಒಂದು ಪುಟ ನೋಡಿ ಹಿಂದಕ್ಕೆ ಬಂದರೆ, ‘ಮತ್ತೆ ಕಳಿಸಲೇ?’ ಎಂದು ಬ್ರೌಸರ್ ಪ್ರತಿ ಸಲ ಕೇಳುತ್ತಿತ್ತು. “ಮಾವ, ಇದೊಂದು ಸರಿ ಮಾಡಿಬಿಡಿ” ಎಂದು ಸೊಸೆ ಹೇಳಿದಳು. ನಾನು ವಿಧಾನವನ್ನು ‘ಗೆಟ್’ ಎಂದು ಬದಲಿಸಿದೆ. ಕಿರಿಕಿರಿ ಹೋಯಿತು. ಆದರೆ ಆಗ ಪ್ರಶ್ನೆ ಲಕೋಟೆಯ ಮೇಲೆಯೇ, ವಿಳಾಸದ ಜೊತೆ ಬರೆದಂತಾಗುತ್ತದೆ. ಟಪಾಲಪ್ಪನ ಮುಂದೆ ಬಾಗಿಲು ಕಾಯಲು ಎನ್‌ಜಿನ್‌ಎಕ್ಸ್ ಎಂಬ ಇನ್ನೊಂದು ತಂತ್ರಾಂಶ ಇಟ್ಟಿದ್ದೆ. ಅದು ಬಂದ ಪ್ರತಿ ಲಕೋಟೆಯ ಮೇಲಿನ ಬರಹವನ್ನು ತನ್ನ ರಿಜಿಸ್ಟರಿನಲ್ಲಿ ಗುರುತು ಹಾಕಿಕೊಳ್ಳುತ್ತದೆ. ಆ ರಿಜಿಸ್ಟರಿಗೆ ಲಾಗ್ ಎನ್ನುತ್ತಾರೆ. ಇದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಯೋಚಿಸಲಿಲ್ಲ, ಅಷ್ಟೇ.

ಜೊತೆಗೆ ಇನ್ನೊಂದು ಕೆಲಸ ಮಾಡಿದೆ. ಯಂತ್ರ ಎಚ್ಚರವಾಗಿದೆಯೇ ಎಂದು ನೋಡಲು ನಿಮಿಷಕ್ಕೊಮ್ಮೆ ‘ಮೈಸೂರು ಹವಾಮಾನ’ ಎಂದು ತಾನೇ ಕೇಳುವ ಸಣ್ಣ ಪ್ರೋಗ್ರಾಮ್ ಬರೆದೆ. ಒಂದು ಭಾನುವಾರ ಸಂಜೆ ಅದನ್ನು ಓಡಿಸಿದವನು ನಿಲ್ಲಿಸಲು ಮರೆತೆ.

ಬುಧವಾರ ಸಂಜೆ ಟಪಾಲಪ್ಪ ಕೈಯಾಡಿಸಿಬಿಟ್ಟ. ಏನು ಕೇಳಿದರೂ ಫಲಿತಾಂಶವಿಲ್ಲ. ಒಂದು ತಾಣ ‘ಅತಿಯಾಗಿ ಕೇಳುತ್ತಿದ್ದೀರಿ’ ಎಂದಿತು. ಇನ್ನೊಂದು, ನೀವು ರೋಬೋ ಅಲ್ಲವೆಂದು ತೋರಿಸಿ ಎಂದು ಚಿತ್ರದ ಒಗಟು ಕೊಟ್ಟಿತು. ಹಾಗಾದಾಗ ಸರ್ಕ್ಸ್‌ಎನ್‌ಜಿ ಆ ತಾಣಗಳನ್ನು ಸ್ವಲ್ಪ ಹೊತ್ತು ಕೇಳುವುದನ್ನೇ ನಿಲ್ಲಿಸಿಬಿಡುತ್ತದೆ. ಕಾರಣ ಹುಡುಕಲು ಎಲ್ಲರೂ ಮಲಗಿದ ಮೇಲೆ ಲಾಗ್ ತೆರೆದೆ. ಒಂದೇ ಥರದ ಸಾಲು, ನಿಮಿಷಕ್ಕೊಂದರಂತೆ, ಮುಗಿಯದ ಸಾಲು. ದಿನಕ್ಕೆ 1,440. ಮೂರು ದಿನಕ್ಕೆ 4,320. ಪ್ರತಿ ಸಲವೂ ಐದು ತಾಣಗಳಿಗೆ ಹೋದರೆ 21,600! ಮೈಸೂರಿನ ಹವಾಮಾನವನ್ನು ಅಷ್ಟು ಸಲ ಯಾವ ಮನುಷ್ಯ ಕೇಳುತ್ತಾನೆ? ರೋಬೋ ಎಂದದ್ದು ಸರಿಯಾಗಿಯೇ ಇತ್ತು.

ಕಾರಣ ಸಿಕ್ಕಿತು. ಪ್ರೋಗ್ರಾಮ್ ನಿಲ್ಲಿಸಿದೆ. ಅಲ್ಲಿಗೇ ಲಾಗ್ ಮುಚ್ಚಬೇಕಿತ್ತು.

ಆದರೆ ಆ ಒಂದೇ ಥರದ ಸಾಲುಗಳ ನಡುವೆ, ರಾತ್ರಿ ಎರಡು ಗಂಟೆಯ ಹೊತ್ತಿನಲ್ಲಿ, ಬೇರೆ ಥರದ ಒಂದಿಪ್ಪತ್ತು ಸಾಲುಗಳಿದ್ದವು. ಕನ್ನಡದಲ್ಲಿ ಕೇಳಿದ ಪ್ರಶ್ನೆ ಲಾಗ್‌ನಲ್ಲಿ ಕನ್ನಡವಾಗಿ ಕಾಣುವುದಿಲ್ಲ. ಶೇಕಡಾ ಗುರುತು, ಇ, ಸೊನ್ನೆ, ಮತ್ತೆ ಶೇಕಡಾ ಗುರುತು, ಬಿ, ಎರಡು ಎಂದು ಗೋಜಲಾಗಿರುತ್ತದೆ. ಸುಮ್ಮನೆ ಕಣ್ಣು ಹಾಯಿಸಿದರೆ ಏನೂ ತಿಳಿಯದು. ಬಿಡಿಸಿ ಓದಬೇಕೆಂದರೆ ಬೇಕೆಂದೇ ಓದಬೇಕು. ನಾನು ಬೇಕೆಂದೇ ಓದಿದೆ.

ಟೈಪ್ ಮಾಡುತ್ತಿದ್ದಂತೆ ಸಲಹೆ ಕೊಡುವ ಸೌಲಭ್ಯವನ್ನೂ ನಾನೇ ಹಾಕಿದ್ದೆ. ಅದರಿಂದಾಗಿ ಪೂರ್ತಿ ಪ್ರಶ್ನೆಯಷ್ಟೇ ಅಲ್ಲ, ಅರ್ಧ ಬರೆದದ್ದು, ಅಳಿಸಿದ್ದು, ಮತ್ತೆ ಬೇರೆ ಮಾತಿನಲ್ಲಿ ಬರೆದದ್ದು ಎಲ್ಲವೂ ಸಾಲು ಸಾಲಾಗಿ ಲಾಗ್‌ನಲ್ಲಿ ಬಿದ್ದಿತ್ತು. ನಿದ್ದೆ ಬಾರದ ಯಾರೋ ಒಬ್ಬರು ಹೆದರಿಕೊಂಡು ಒಂದು ಪ್ರಶ್ನೆ ಕೇಳಲು ತಡವರಿಸಿದ್ದು ನನ್ನ ಕಣ್ಣೆದುರು ನಡೆದಂತೆ ಕಂಡಿತು. ಪ್ರಶ್ನೆ ಏನೆಂದು ನಾನಿಲ್ಲಿ ಬರೆಯುವುದಿಲ್ಲ.

ಪ್ರತಿ ಸಾಲಿನ ಮೊದಲಲ್ಲಿ ಯಾವ ಫೋನಿನಿಂದ ಬಂತು ಎಂಬ ಅಂಕಿಯೂ ಇರುತ್ತದೆ. ರೂಟರ್‌ನ ಪಟ್ಟಿಯೊಂದಿಗೆ ತಾಳೆ ನೋಡಿದರೆ ಐದು ಜನರಲ್ಲಿ ಯಾರೆಂದು ಅರ್ಧ ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಕೈ ಅಲ್ಲಿಯವರೆಗೂ ಹೋಯಿತು. ಆಗ ಕಿವಿಯಲ್ಲಿ ತಂದೆಯ ಮಾತು ಕೇಳಿದಂತಾಯಿತು: ನನ್ನ ದುಡ್ಡನ್ನು ನಿನ್ನ ಬ್ಯಾಂಕಿನಲ್ಲಿ ಇಡುತ್ತಿರಲಿಲ್ಲ.

ಎಣ್ಣೆ ಮಾರುವವನಿಗೆ ಬೈದಿದ್ದ ನಾನು ಈಗ ಅದೇ ಕೆಲಸ ಮಾಡಿ ಕೂತಿದ್ದೆ. ಅವನಿಗಾದರೂ ನಮ್ಮ ಮುಖ ಗೊತ್ತಿಲ್ಲ. ನನಗೆ ಗೊತ್ತು. ಹೊರಗಿನವರ ಕಣ್ಣು ತಪ್ಪಿಸಲು ಗೋಡೆ ಕಟ್ಟಿ, ಆ ಗೋಡೆಯಲ್ಲಿ ನನಗೊಂದು ಕಿಂಡಿ ಬಿಟ್ಟುಕೊಂಡಂತಾಗಿತ್ತು.

ಆ ರಾತ್ರಿಯೇ ಎಲ್ಲ ತಿದ್ದಿದೆ. ವಿಧಾನವನ್ನು ಮತ್ತೆ ‘ಪೋಸ್ಟ್’ಗೆ ತಂದೆ. ಸಲಹೆಯ ಸೌಲಭ್ಯ ತೆಗೆದೆ. ಅದು ನಾವು ಅಳಿಸಿದ ಮಾತನ್ನೂ ಹೊರಗಿನ ತಾಣಕ್ಕೆ ಕಳಿಸುತ್ತಿತ್ತು. ಬಾಗಿಲು ಕಾಯುವವನಿಗೆ ರಿಜಿಸ್ಟರ್ ಬರೆಯಬೇಡ ಎಂದು ಆಜ್ಞೆ ಕೊಟ್ಟೆ. ಅವನು ಎರಡು ವಾರದ ಹಳೆಯ ಪುಟಗಳನ್ನೂ ಕಟ್ಟಿಟ್ಟಿದ್ದ. ಬ್ಯಾಂಕಿನಲ್ಲಿ ಕೆಲವು ಪುಸ್ತಕಗಳನ್ನು ಐದು ವರ್ಷ, ಕೆಲವನ್ನು ಎಂಟು ವರ್ಷ ಇಡಬೇಕೆಂಬ ನಿಯಮವಿದೆ. ಮನೆಗೆ ಅಂಥ ನಿಯಮವಿಲ್ಲ. ಎಲ್ಲವನ್ನೂ ಅಳಿಸಿದೆ. ಬೆಳಗಿನ ಜಾವ ಮಲಗಿದೆ, ನಿದ್ದೆ ಬರಲಿಲ್ಲ.

ಮರುದಿನ ರಾತ್ರಿ ಊಟಕ್ಕೆ ಎಲ್ಲರೂ ಕೂತಾಗ ಹೇಳಿದೆ. “ಯಂತ್ರ ಕೆಟ್ಟಿದ್ದು ನನ್ನಿಂದ. ರಿಪೇರಿ ಮಾಡುವಾಗ ನಿಮ್ಮಲ್ಲಿ ಒಬ್ಬರು ಕೇಳಿದ ಪ್ರಶ್ನೆಯನ್ನು ಓದಿಬಿಟ್ಟೆ. ಯಾರದೆಂದು ನೋಡಲಿಲ್ಲ. ಓದಿದ್ದು ತಪ್ಪು. ಲಾಗ್ ಅಳಿಸಿದ್ದೇನೆ, ಇನ್ನು ಮುಂದೆ ಅದು ಬರೆದಿಡುವುದೂ ಇಲ್ಲ.”

ಯಾರೂ ಮಾತಾಡಲಿಲ್ಲ. ಸಾರಿನ ಪಾತ್ರೆಯ ಸೌಟು ಮಾತ್ರ ಸದ್ದು ಮಾಡಿತು.

“ತಾತಾ, ನೀವು ಓದಿದಿರಾ? ನೀವಾ?” ಎಂದಳು ಪುಟ್ಟಿ. ಅವಳ ದನಿಯಲ್ಲಿ ಸಿಟ್ಟಿಗಿಂತ ಬೇಸರವೇ ಹೆಚ್ಚಾಗಿತ್ತು.

“ಹೋಗಲಿ ಬಿಡಿ ಅಪ್ಪ” ಎಂದ ಮಗ.

“ಹೋಗಲಿ ಅಂತ ನೀನು ಹೇಳಬಾರದು, ಆ ಪ್ರಶ್ನೆ ಯಾರದೋ ಅವರು ಹೇಳಬೇಕು” ಎಂದೆ. “ಇನ್ನೊಂದೇ ಮಾತು. ಯಂತ್ರ ಉತ್ತರ ತಂದುಕೊಡಬಲ್ಲದು, ಪಕ್ಕದಲ್ಲಿ ಕೂರಲಾರದು. ರಾತ್ರಿ ಎರಡು ಗಂಟೆಗೆ ಹೆದರಿಕೆಯಾದರೆ ಟಪಾಲಪ್ಪನನ್ನು ಕೇಳಿ, ಬೇಡ ಎನ್ನುವುದಿಲ್ಲ. ಬೆಳಗಾದ ಮೇಲೆ ಮನುಷ್ಯರನ್ನೂ ಕೇಳಿ. ನನ್ನನ್ನೇ ಕೇಳಬೇಕೆಂದಿಲ್ಲ. ಯಾರನ್ನಾದರೂ ಸರಿ.”

ಎರಡು ದಿನ ಕಳೆಯಿತು. ಮೂರನೆಯ ದಿನ ಸಂಜೆ ನಾನು ಜಗಲಿಯಲ್ಲಿ ಕೂತಿದ್ದಾಗ ಮನೆಯವರೊಬ್ಬರು ಬಂದು ಪಕ್ಕದಲ್ಲಿ ಕೂತರು. ಸ್ವಲ್ಪ ಹೊತ್ತು ಬೀದಿ ನೋಡಿದರು. ಆಮೇಲೆ, “ಅದು ನಂದು” ಎಂದರು. ಕತ್ತಲಾಗುವವರೆಗೂ ಮಾತಾಡಿದೆವು. ಮರುವಾರ ಇಬ್ಬರೂ ಡಾಕ್ಟರ ಹತ್ತಿರ ಹೋಗಿ ಬಂದೆವು. ಹೆದರಿದಷ್ಟು ಏನೂ ಇರಲಿಲ್ಲ. ಬಂದವರು ಯಾರೆಂದೂ ನಾನು ಬರೆಯುವುದಿಲ್ಲ. 1973ರಲ್ಲಿ ಹಾಕಿದ ಸಹಿ ಇನ್ನೂ ನನ್ನದೇ.

ಮಕ್ಕಳೇ, ಟಪಾಲಪ್ಪನಿಂದ ಎಲ್ಲವೂ ಮುಚ್ಚಿಹೋಗುತ್ತದೆ ಎಂದು ತಿಳಿಯಬೇಡಿ. ಅವನು ನಮ್ಮ ಮನೆಯ ಸಂಪರ್ಕದಿಂದಲೇ ಹೊರಗೆ ಹೋಗುವುದರಿಂದ, ಇಂಥ ಮನೆಯಿಂದ ಯಾರೋ ಕೇಳಿದರು ಎಂಬುದು ಹುಡುಕು ತಾಣಕ್ಕೆ ಕಾಣುತ್ತದೆ. ಮನೆಯಲ್ಲಿ ಯಾರು ಎಂಬುದು ಮಾತ್ರ ಕಾಣದು. ಉತ್ತರದ ಪಟ್ಟಿಯಿಂದ ಒಂದು ತಾಣವನ್ನು ಒತ್ತಿದರೆ ಅಲ್ಲಿಂದ ಮುಂದೆ ನೀವೇ ಹೋಗುತ್ತೀರಿ, ಅವನು ಜೊತೆಗಿರುವುದಿಲ್ಲ. ಆ ತಾಣದವರು ಮತ್ತೆ ಬಿಲ್ಲೆ ಕೊಡಬಹುದು. ಎಣ್ಣೆಯ ಜಾಹೀರಾತು ನಮ್ಮ ಮನೆಯಲ್ಲಿ ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ.

ನನ್ನ ವಯಸ್ಸಿನ ಅಜ್ಜ ಅಜ್ಜಿಯರಿಗೂ ಒಂದು ಮಾತು. ಮೊಮ್ಮಕ್ಕಳ ಫೋನು ಹೇಗೆ ನೋಡುವುದು ಎಂದು ಪಾರ್ಕಿನಲ್ಲಿ ಗೆಳೆಯರು ನನ್ನನ್ನು ಕೇಳುತ್ತಾರೆ, ನನಗೆ ಕಂಪ್ಯೂಟರ್ ಬರುತ್ತದೆ ಎಂದು. ಚಿಕ್ಕ ಮಕ್ಕಳ ಮೇಲೆ ಕಣ್ಣಿಡಬೇಕು, ನಿಜ. ಇಡುವುದಿದ್ದರೆ ಅವರಿಗೆ ಹೇಳಿಯೇ ಇಡಿ ಎನ್ನುತ್ತೇನೆ. ಕದ್ದು ಓದಿದರೆ ನಮಗೆ ಒಂದು ಪ್ರಶ್ನೆ ಸಿಗುತ್ತದೆ. ಜಗಲಿಯಲ್ಲಿ ಕಾದು ಕೂತರೆ ಆ ಪ್ರಶ್ನೆ ಕೇಳಿದವರೇ ಬಂದು ಪಕ್ಕದಲ್ಲಿ ಕೂರುತ್ತಾರೆ.

ಪುಟ್ಟಿ ನನ್ನನ್ನು ಕ್ಷಮಿಸಲು ಒಂದು ಷರತ್ತು ಹಾಕಿದಳು. ಒಂದು ಹಾಳೆಯಲ್ಲಿ ತನ್ನ ದುಂಡು ಅಕ್ಷರದಲ್ಲಿ ಬರೆದು ತಂದಳು: ‘ಟಪಾಲಪ್ಪನ ಚೀಲವನ್ನು ಯಾರೂ ತೆರೆಯುವುದಿಲ್ಲ. ರಿಪೇರಿ ಮಾಡುವವರೂ ತೆರೆಯುವುದಿಲ್ಲ.’ ಕೆಳಗೆ ಐದು ಜನರ ಸಹಿ ಹಾಕಿಸಿಕೊಂಡು ಟೀವಿ ಮೇಜಿನ ಒಳಬದಿಗೆ ಅಂಟಿಸಿದ್ದಾಳೆ. ಈ ಸಲ ನಾನು ಪೂರ್ತಿ ಓದಿಯೇ ಸಹಿ ಹಾಕಿದೆ.